ಹುಲ್ಲಿನ ಮೇಲೆ ಉಳಿದ ಕುರ್ಚಿ

ಮಿರಜ ನಿಲ್ದಾಣ

ಬಸುರಿ ಮಗಳನ್ನು ಹೆರಿಗೆಗೆ ತವರಿಗೆ ಕರೆತರುವ ಕೆಲಸವನ್ನು ನಮ್ಮ ಕಡೆ ಯಾರೂ ಪ್ರವಾಸವೆಂದು ಕರೆಯುವುದಿಲ್ಲ. ರಾಯಬಾಗಕ್ಕೋ ಕಾಗವಾಡಕ್ಕೋ ಬೆಳಗಿನ ಬಸ್ಸಿನಲ್ಲಿ ಹೋಗಿ, ಬೀಗರ ಮನೆಯಲ್ಲಿ ಹೋಳಿಗೆಯುಂಡು, ಹೊತ್ತು ಮುಳುಗುವುದರೊಳಗೆ ಮಗಳೊಡನೆ ಮರಳಿದರೆ ಅದು ಮುಗಿಯಿತು. ಆದರೆ ನನ್ನ ತಂಗಿ ಸುನಂದಾ ಇದ್ದದ್ದು ಆಫ್ರಿಕಾದ ಟಾಂಜಾನಿಯಾ ದೇಶದ ಒಂದು ಕಬ್ಬಿನ ಎಸ್ಟೇಟಿನಲ್ಲಿ. ಹೀಗಾಗಿ, ಚಿಕ್ಕೋಡಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಕಲಿಸಿ, ಕೆಲಸ ಬಿಟ್ಟು, ಮನೆಯಲ್ಲಿ ದಿನಪತ್ರಿಕೆಯ ಅಚ್ಚಿನ ತಪ್ಪುಗಳನ್ನು ತಿದ್ದುತ್ತ ಕುಳಿತಿದ್ದ ನಾನು, ತೊಂಬತ್ತರ ದಶಕದ ಆರಂಭದ ಒಂದು ಫೆಬ್ರುವರಿಯಲ್ಲಿ, ಹೊಸ ಪಾಸ್‌ಪೋರ್ಟನ್ನು ಕೈಚೀಲದಲ್ಲಿಟ್ಟುಕೊಂಡು ಮಿರಜ ನಿಲ್ದಾಣದಲ್ಲಿ ಮುಂಬಯಿಯ ರೈಲಿಗೆ ಕಾಯುವಂತಾಯಿತು.

ಸುನಂದಾಳ ಮದುವೆಯಾಗಿ ಹನ್ನೊಂದು ವರ್ಷಗಳಾಗಿದ್ದವು. ಎರಡು ಸಲ ಬಸಿರು ನಿಂತೂ ಉಳಿದಿರಲಿಲ್ಲ. ಮೂರನೆಯದು ಏಳನೆಯ ತಿಂಗಳಿಗೆ ಬಂದಾಗ ಎಸ್ಟೇಟಿನ ಡಾಕ್ಟರು, ಮಳೆಗಾಲ ಹಿಡಿಯುವ ಮೊದಲು ಊರು ಸೇರಿಬಿಡಿ, ಆಮೇಲೆ ನದಿ ಸೇತುವೆಯ ಮೇಲೆ ಹರಿಯುತ್ತದೆ, ದೊಡ್ಡ ಆಸ್ಪತ್ರೆ ಬೇಕೆಂದರೂ ಸಿಗದು ಎಂದಿದ್ದರು. ಅವಳ ಗಂಡ ಅಣ್ಣಾಸಾಹೇಬ ಅಲ್ಲಿನ ಕಾರ್ಖಾನೆಯ ಮುಖ್ಯ ಇಂಜಿನಿಯರು. ಕಬ್ಬು ನುರಿಸುವ ಹಂಗಾಮಿನ ಕಡೆಯ ವಾರಗಳಲ್ಲಿ ಅವನು ಮಿಲ್ಲು ಬಿಟ್ಟು ಕದಲುವಂತಿರಲಿಲ್ಲ. ಉಗಾರ ಬುದ್ರುಕದಲ್ಲಿರುವ ನಮ್ಮ ಅವ್ವನ ಮೊಣಕಾಲುಗಳು ಹಿತ್ತಲಿನವರೆಗೂ ಒಯ್ಯುವುದಿಲ್ಲ. ಉಳಿದವಳು ನಾನು.

ಅವ್ವ ಕೊಟ್ಟ ಅಪ್ಪಣೆ ಒಂದೇ. "ಖಾಲಿ ಉಡೀಲೆ ಕರಕೊಂಡ ಬರಬ್ಯಾಡ. ಅಲ್ಲೇ ಉಡಿ ತುಂಬ್ಸು. ತುಂಬಿದ್ದ ಉಡಿ ನಮ್ಮ ಹೊಸ್ತಿಲಾ ದಾಟೂತನಾ ಎಲ್ಲೂ ಬಿಚ್ಚಬಾರದ."

ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಬೆಲ್ಲದಚ್ಚು, ಹಸಿರು ಕುಪ್ಪಸದ ಖಣ, ಇವನ್ನು ಮಡಿಲಿಗೆ ಹಾಕಿ ಸೆರಗನ್ನು ಸೊಂಟಕ್ಕೆ ಕಟ್ಟುವುದಕ್ಕೆ ನಾವು ಉಡಿ ತುಂಬುವುದು ಎನ್ನುತ್ತೇವೆ. ಅವೆಲ್ಲವನ್ನೂ ಅವ್ವ ಪ್ರತ್ಯೇಕ ಗಂಟುಗಳಲ್ಲಿ ಕಟ್ಟಿಕೊಟ್ಟಿದ್ದಳು. ಜೊತೆಗೆ ಅಳಿಯನಿಗೆಂದು ಒಂದು ಡಬ್ಬಿ ಗುರೆಳ್ಳು ಚಟ್ನಿ. ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ಆ ಕಪ್ಪು ಪುಡಿಯನ್ನು ಸಿಡಿಮದ್ದಿನ ಪುಡಿಯೆಂದು ಶಂಕಿಸಿ ಮೂಗಿನ ಹತ್ತಿರ ಹಿಡಿದರು. ಬಳಿಕ ಅವರು ಸೀನುವುದನ್ನು ನಿಲ್ಲಿಸುವವರೆಗೆ ನನ್ನ ಹಿಂದಿನ ಸಾಲು ತಾಳ್ಮೆಯಿಂದ ಕಾಯಿತು.

ದಾರ್ ಎಸ್ ಸಲಾಮ್

ಸಮುದ್ರ ದಾಟಿಸಿದ ದೊಡ್ಡ ವಿಮಾನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅದರೊಳಗೆ ಕುಳಿತವರಿಗೆ ಹಾರುತ್ತಿರುವುದು ತಿಳಿಯುವುದೇ ಇಲ್ಲ. ನನ್ನ ಕಥೆ ಅದಕ್ಕಿಂತ ಬಹಳ ಚಿಕ್ಕದಾದ, ಮೂಗಿಗೆ ಒಂದೇ ಪಂಖ ಕಟ್ಟಿಕೊಂಡ ಇನ್ನೊಂದು ವಿಮಾನದ್ದು.

ಮಿಲ್ಲಿನಿಂದ ಅರ್ಧ ದಿನದ ಬಿಡುವು ಪಡೆದು ಬಂದಿದ್ದ ಅಣ್ಣಾಸಾಹೇಬ ನನ್ನನ್ನು ಎದುರುಗೊಂಡು, ನಿಲ್ದಾಣದ ಒಂದು ಮೂಲೆಯ ತಗಡಿನ ಚಪ್ಪರಕ್ಕೆ ಕರೆದೊಯ್ದ. ಅಲ್ಲಿ ಎಸ್ಟೇಟಿನ ಸ್ವಂತ ವಿಮಾನ ನಿಂತಿತ್ತು. ಅದರ ಪಕ್ಕೆಯ ಅಗಲವಾದ ಬಾಗಿಲಿನಿಂದ ಕೋಳಿಮರಿಗಳ ಬುಟ್ಟಿಗಳೂ ಟ್ರ್ಯಾಕ್ಟರಿನ ಒಂದು ಟಾಯರೂ ಇಳಿಯುತ್ತಿದ್ದವು. ಇಳಿದ ಮೇಲೆ ಇಬ್ಬರು ಒಳಹೊಕ್ಕು ನೆಲ ಒರೆಸಿದರು. ನೆಲದ ಕಬ್ಬಿಣದ ಪಟ್ಟಿಗಳಲ್ಲಿ ಕುರ್ಚಿಗಳನ್ನು ಒಂದೊಂದಾಗಿ ಜಾರಿಸಿ ಕೀಲು ಹಾಕಿದರು. ಈಗ ತಾನೇ ಟೆಂಪೋ ಆಗಿದ್ದದ್ದು ನಾನು ನೋಡುತ್ತಿದ್ದಂತೆ ಸಾಹೇಬರ ಕಾರಾಯಿತು. ಬೇಕಾದಾಗ ಇದೇ ಆಂಬುಲೆನ್ಸಾಗುತ್ತದೆ, ಇದೇ ಅಂಚೆಗಾಡಿಯಾಗುತ್ತದೆ, ಡಾಂಬರು ಕಾಣದ ಹುಲ್ಲಿನ ಮೇಲೂ ಇಳಿಯುತ್ತದೆ ಎಂದು ಅಣ್ಣಾಸಾಹೇಬ ಹೆಮ್ಮೆಯಿಂದ ವರ್ಣಿಸಿದ. ನಿಪ್ಪಾಣಿಯ ರಸ್ತೆಯಲ್ಲಿ ಕೈ ಮಾಡಿದವರನ್ನೆಲ್ಲ ತುಂಬಿಕೊಂಡು ಓಡುವ ವಡಾಪ್ ಜೀಪುಗಳೂ ಇಷ್ಟೇ ಬಹುರೂಪಿಗಳೆಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ.

ಒಂದು ಕುರ್ಚಿ ಮಾತ್ರ ಉಳಿದವುಗಳ ಜಾತಿಯದಾಗಿರಲಿಲ್ಲ. ಕಂದು ತೊಗಲಿನ, ಸುತ್ತಲೂ ತಿರುಗುವ, ಎರಡು ತೋಳಿನ ಭಾರಿ ಕುರ್ಚಿ. ಒಳ್ಳೆಯ ಕಿಟಕಿಯ ಬಳಿ ಅದು ಕೋಳಿಮರಿಗಳ ನಡುವೆಯೂ ಕದಲದೆ ಕುಳಿತು ಬಂದಿತ್ತು. ಮೇಲೊಂದು ಬಿಳಿಯ ಹೊದಿಕೆ. ಅದು ಮಾಲೀಕರದು. ಮಾಲೀಕರು ಗುಜರಾತಿ ಮೂಲದ ವೃದ್ಧರು, ನಗರದಲ್ಲಿ ವಾಸ. ಅವರು ಬರಲಿ ಬಿಡಲಿ, ಆ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ, ಯಾರೂ ಅದನ್ನು ತೆಗೆಯುವುದಿಲ್ಲ. ಹಿಂದೆ ಒಮ್ಮೆ ತೆಗೆದವನು ಈಗ ಬೇರೆ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಿದ್ದನಂತೆ.

ಆಮೇಲೆ ನನ್ನ ತೂಕವಾಯಿತು. ಕಿರಾಣಿ ಗೋದಾಮಿನಲ್ಲಿರುವಂಥ ಒಂದು ಹಾಸುತಕ್ಕಡಿಯ ಮೇಲೆ ಪ್ರತಿಯೊಬ್ಬ ಪ್ರಯಾಣಿಕರೂ ಕೈಚೀಲದೊಡನೆ ನಿಲ್ಲಬೇಕು. ವಿಮಾನ ನಡೆಸುವ ಕ್ಯಾಪ್ಟನ್ ಜುಮಾ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಎತ್ತರದ ಮನುಷ್ಯ, ಮುಳ್ಳು ನಿಲ್ಲುವವರೆಗೆ ಬಾಗಿ ನೋಡಿ, ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಸಾರಿದರು. ನಮ್ಮಲ್ಲಿ ಕಬ್ಬಿನ ಗಾಡಿಯ ತೂಕವನ್ನು ಹಾಗೆ ಸಾರುತ್ತಾರೆ, ಗೃಹಿಣಿಯರದನ್ನಲ್ಲ. ಆದರೂ, ಯಾರಿಗೆ ಯಾವ ಆಸನವೆಂಬುದನ್ನು ಅವರು ತೂಕ ನೋಡಿ ಗೊತ್ತುಮಾಡಿದ ಕ್ರಮ, ಒಬ್ಬಾಕೆ ಮುಚ್ಚಿಟ್ಟ ಕೈಚೀಲವನ್ನು ಹೊರಗೆ ತೆಗೆಸಿದ ಕಟ್ಟುನಿಟ್ಟು, ಇವನ್ನು ಕಂಡು ನನ್ನ ಮುನಿಸು ಕರಗಿತು. ತರಗತಿಯಲ್ಲಿ ನಾನು ಬಯಸುತ್ತಿದ್ದ ಶಿಸ್ತು ಕಡೆಗೂ ಒಂದು ತಗಡಿನ ಚಪ್ಪರದ ಕೆಳಗೆ ನನಗೆ ದೊರೆಯಿತು.

ಒಂದು ಸಂದೇಹ ಮಾತ್ರ ಉಳಿಯಿತು. ಇದಕ್ಕೆ ಇಂಜಿನ್ನು ಒಂದೇ ಏನೆಂದು ಅಣ್ಣಾಸಾಹೇಬನನ್ನು ಮೆಲ್ಲಗೆ ಕೇಳಿದೆ.

"ಒಂದ ರೀ ಅಕ್ಕಾರ. ಆದ್ರ ಟರ್ಬೈನ ಐತಿ. ನಮ್ಮ ಮಿಲ್ಲಿನ ಟರ್ಬೈನ ಉಗೀಲೆ ತಿರಗತೈತಿ, ಇದು ಸುಡೂ ಗಾಳೀಲೆ ತಿರಗತೈತಿ. ಹಂಗಾಮ ಪೂರ್ತಿ ನಮ್ಮದ ನಿಂತದ್ದ ಎಂದಾರ ಕೇಳೀರೇನ?"

"ನಿಂತರೆ ನಿಮ್ಮ ಮಿಲ್ಲು ಕೆಳಗೆ ಬೀಳುವುದಿಲ್ಲ," ಎಂದೆ.

ಅವನು ನಕ್ಕು, ನನ್ನನ್ನು ಆಸನದಲ್ಲಿ ಕೂರಿಸಿ, ಸೊಂಟದ ಪಟ್ಟಿಯನ್ನು ತಾನೇ ಬಿಗಿದ.

ಆಡುಗಳ ಮೇಲಿನಿಂದ

ಸುಡುವ ಸೀಮೆಎಣ್ಣೆಯ ವಾಸನೆ, ಒಂದು ದೀರ್ಘವಾದ ಸೀಟಿ, ಆಮೇಲೆ ಪಂಖ ಕಾಣದಾಗಿ ಬರಿಯ ಹೊಳಪಾಯಿತು. ನೆಲ ಬಿಟ್ಟದ್ದು ಎಷ್ಟು ಬೇಗನೆಂದರೆ, ನಾನು ಮಂತ್ರವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ರೆಕ್ಕೆ ನಮ್ಮ ತಲೆಯ ಮೇಲಿದ್ದುದರಿಂದ ಕೆಳಗಿನದೆಲ್ಲ ನಿಚ್ಚಳವಾಗಿ ಕಾಣುತ್ತಿತ್ತು: ಕೆಂಪು ಹಾದಿ, ಅದರಲ್ಲಿ ಕೊಡೆ ಹಿಡಿದು ಸೈಕಲ್ಲು ತುಳಿಯುವ ಒಬ್ಬ, ಆಮೇಲೆ ಬಹಳ ಹೊತ್ತು ಏನೂ ಇಲ್ಲದ ಬಯಲು. ಅಥಣಿಯ ಪೂರ್ವದ ಬಯಲನ್ನು ಹತ್ತು ಪಟ್ಟು ಎಳೆದು ಹಾಸಿದಂತಿತ್ತು. ಕಡೆಗೆ ನದಿ, ನದಿಯ ಎರಡೂ ದಂಡೆಗೆ ಕಬ್ಬು, ನಡುವೆ ಹೊಗೆಯುಗುಳುವ ಚಿಮಣಿ. ಕೃಷ್ಣೆಯ ದಂಡೆಯನ್ನು ಯಾರೋ ಮಡಿಚಿ ಇಲ್ಲಿಗೆ ತಂದಿಟ್ಟಿದ್ದಾರೆಂದು ನನಗೆ ತೋರಿತು.

ಇಳಿಯುವ ಮೊದಲು ಕ್ಯಾಪ್ಟನ್ ಜುಮಾ ಹುಲ್ಲಿನ ಪಟ್ಟಿಯ ಮೇಲೆ ತೀರ ಕೆಳಗಿನಿಂದ ಒಂದು ಸುತ್ತು ಹೊಡೆದರು. ಅದು ಆಡುಗಳಿಗೆ ಕೊಡುವ ನೋಟೀಸು. ಆಡುಗಳು ಎದ್ದು ಸಾವಕಾಶವಾಗಿ ಪಕ್ಕಕ್ಕೆ ಸರಿದವು. ಒಂದು ಮಾತ್ರ ಎರಡನೆಯ ನೋಟೀಸಿಗಾಗಿ ಕಾದಿತ್ತು.

ಎಸ್ಟೇಟು

ಸುನಂದಾ ಬಾಗಿಲಲ್ಲಿ ನಿಂತಿದ್ದಳು. ಅಳುತ್ತಾಳೆಂದು ನಾನು ಸಿದ್ಧಳಾಗಿ ಹೋಗಿದ್ದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಕ್ಕಾ, ನಿನ್ನ ತೂಕ ಎಷ್ಟಂದ್ರು?" ಎಂದಳು.

ಆ ನಾಡಿನ ಜನರಿಗೆ ಅವಸರವಿಲ್ಲ. ಎದುರಿಗೆ ಬಂದವರು ನಿದ್ದೆ ಹೇಗಾಯಿತು, ಮನೆಯವರು ಹೇಗಿದ್ದಾರೆ, ಕೆಲಸ ಹೇಗೆ ನಡೆದಿದೆ ಎಂದು ವಿಚಾರಿಸದೆ ಮುಂದಿನ ಮಾತಿಗೆ ಬರುವುದಿಲ್ಲ. ಉಪ್ಪು ಕೇಳಲು ಬಂದವಳೂ ಹಾಗೆಯೇ. ತಾಯಂದಿರನ್ನು ಅವರ ಹೆಸರು ಹಿಡಿದು ಕರೆಯುವುದಿಲ್ಲ. ಕೂಲಿಕಾರರ ಸಾಲುಮನೆಗಳ ಲೈನಿನಲ್ಲಿ ಎಲ್ಲರಿಗೂ ಹಿರಿಯಳಾದ ಹೆಂಗಸು ಮಾಮಾ ರೆಹೆಮಾ, ಅಂದರೆ ರೆಹೆಮಾಳ ತಾಯಿ. ತಾಯಿಯಾಗದ ನನ್ನ ತಂಗಿಯನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಅವರು ಇಷ್ಟು ವರ್ಷ ಬರಿಯ 'ಮಾಮಾ' ಎಂದು ನಿಲ್ಲಿಸುತ್ತಿದ್ದರಂತೆ. ಆ ಮಾತಿನ ಕೊನೆಗೆ ಪ್ರತಿ ಸಲವೂ ಒಂದು ಖಾಲಿ ಜಾಗ ಕೇಳಿಸುತ್ತಿತ್ತೆಂದು ಸುನಂದಾ ನಗುತ್ತಲೇ ಹೇಳಿದಳು.

ಪಕ್ಕದ ಮನೆಯ ಕುಸುಮತಾಯಿ ನಿಪ್ಪಾಣಿಯವರು. ಬಾಯ್ಲರು ನೋಡಿಕೊಳ್ಳುವವರ ಹೆಂಡತಿ. ಒಂದೇ ವಾಕ್ಯದಲ್ಲಿ ಕನ್ನಡದಿಂದ ಮರಾಠಿಗೆ ಹೋಗಿ ಹಿಂದಿರುಗುವ ಅವರ ಮಾತನ್ನು ತಿದ್ದುವ ಹಂಬಲ ಮೊದಲ ದಿನವೇ ನನಗೆ ಹುಟ್ಟಿ, ಎರಡನೆಯ ದಿನ ಸತ್ತಿತು. ಉಡಿ ತುಂಬುವುದಕ್ಕೆ ಐವರು ಮುತ್ತೈದೆಯರನ್ನು ಗೊತ್ತುಮಾಡಿದವರು ಅವರೇ.

ಹೊರಡುವ ಹಿಂದಿನ ಸಂಜೆ ವಿಮಾನ ಬಂದು ತಂಗಿತು. ಬೆಳಗಿನ ತಂಪಿನಲ್ಲಿ ವಿಮಾನ ಸುಲಭವಾಗಿ ಏಳುತ್ತದೆಂದು ಕ್ಯಾಪ್ಟನ್ ಜುಮಾ ಸೂರ್ಯೋದಯದ ಬೆನ್ನಿಗೇ ಹೊರಡುವವರು. ಆದುದರಿಂದ ನಮ್ಮನ್ನೂ ನಮ್ಮ ಪೆಟ್ಟಿಗೆಗಳನ್ನೂ ಆ ಸಂಜೆಯೇ ತೂಗಿ ಮುಗಿಸಿದರು. ಮಿಲ್ಲಿನ ಮುರಿದ ಗೇರು ಚಕ್ರವೊಂದನ್ನು ನಗರದ ವರ್ಕ್‌ಶಾಪಿಗೆ ಒಯ್ಯಬೇಕಿತ್ತು. ಅದು ಹೋಗದಿದ್ದರೆ ಹಂಗಾಮು ನಿಲ್ಲುತ್ತದೆ. ನಗರದಿಂದ ಮಾಲೀಕರು ಅದೇ ವಿಮಾನದಲ್ಲಿ ಎಸ್ಟೇಟಿಗೆ ಬರುವವರಿದ್ದರು. ಎಲ್ಲ ಕೂಡಿಸಿದಾಗ, ಆ ಹುಲ್ಲಿನ ಪಟ್ಟಿಯಿಂದ ಏಳುವುದಕ್ಕೆ ಎಷ್ಟು ಭಾರ ಸಲ್ಲುತ್ತದೋ ಅಷ್ಟಕ್ಕೆ ಸರಿಯಾಗಿ ಬಂದು ನಿಂತಿತು. ರಾತ್ರಿ ಪಶ್ಚಿಮದಲ್ಲಿ ಮೋಡ ಗುಡುಗಿತು.

ಹುಲ್ಲಿನ ಪಟ್ಟಿ

ಬೆಳಿಗ್ಗೆ ದೇವರ ಮುಂದೆ ಮಣೆಯ ಮೇಲೆ ಸುನಂದಾಳನ್ನು ಕೂರಿಸಿ, ಅವ್ವ ಕೊಟ್ಟ ಗಂಟುಗಳನ್ನು ಬಿಚ್ಚಿ ನಾನು ಮೊದಲು ಉಡಿ ತುಂಬಿದೆ. ಆಮೇಲೆ ಕುಸುಮತಾಯಿ, ಆಮೇಲೆ ಗೊತ್ತುಮಾಡಿದ ಉಳಿದ ಮೂವರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂಗಳದಲ್ಲಿ ಮಾಮಾ ರೆಹೆಮಾ ತನ್ನ ಲೈನಿನ ಹೆಂಗಸರೊಡನೆ ನಿಂತಿದ್ದಳು. ಬಸುರಿಯನ್ನು ದೂರದ ಹಾದಿಗೆ ಬರಿಗೈಯಲ್ಲಿ ಕಳಿಸುವುದು ಅವರಲ್ಲೂ ಇಲ್ಲವಂತೆ. ಒಬ್ಬಳು ಮೆಕ್ಕೆಜೋಳದ ಹಿಟ್ಟು ತಂದಿದ್ದಳು, ಒಬ್ಬಳು ಶೇಂಗಾ, ಒಬ್ಬಳು ಅವರ ಬಣ್ಣದ ಬಟ್ಟೆಯ ಒಂದು ಜೋಡಿ, ಮಾಮಾ ರೆಹೆಮಾ ಒಂದು ಚೀನೀಕಾಯಿ, ಅಂದರೆ ಸಿಹಿಗುಂಬಳ. ಸುನಂದಾಳ ಸೆರಗು ಸಾಲಲಿಲ್ಲ. ಕುಸುಮತಾಯಿ ತಮ್ಮ ಒಂದು ಇಳಕಲ್ ಸೀರೆಯನ್ನೇ ತಂದು ಅವಳ ಕೊರಳಿಗೂ ಸೊಂಟಕ್ಕೂ ಜೋಳಿಗೆಯಂತೆ ಕಟ್ಟಿದರು. ಎಲ್ಲರೂ ಮೆರವಣಿಗೆಯಾಗಿ ವಿಮಾನದ ಕಡೆಗೆ ನಡೆದೆವು.

ಕ್ಯಾಪ್ಟನ್ ಜುಮಾ ಸುನಂದಾಳನ್ನು ನೋಡಿದರು. ಹೋಗಿ ಹಾಸುತಕ್ಕಡಿಯನ್ನು ಎಳೆದು ತಂದರು.

ಒಂದೇ ರಾತ್ರಿಯಲ್ಲಿ ನನ್ನ ತಂಗಿ ಶಾಲೆಗೆ ಹೋಗುವ ಒಬ್ಬ ಹುಡುಗಿಯ ಭಾರದಷ್ಟು ಹೆಚ್ಚಿದ್ದಳು. ರಾತ್ರಿಯ ಹನಿಗೆ ಹುಲ್ಲು ಒದ್ದೆಯಾಗಿದೆ, ಪಟ್ಟಿ ಗಿಡ್ಡದಾಗಿದೆ, ತುದಿಯಲ್ಲಿ ಮರಗಳಿವೆ. ಈಗ ಸಂಜೆ ಬರೆದ ಅಂಕಿಯಷ್ಟನ್ನೂ ಹೊರಲಾಗದು, ಅದಕ್ಕಿಂತ ಹೆಚ್ಚಿನ ಭಾರದೊಡನೆ ತಾನು ಏಳುವುದೇ ಇಲ್ಲ ಎಂದು ಅವರು ಇಂಗ್ಲಿಷಿನಲ್ಲಿ ವಿನಯದಿಂದ ಹೇಳಿದರು. ಮಳೆಗೆ ಎಲ್ಲಿ ತಿರುಗಬೇಕಾದೀತೋ, ಇಂಧನ ಕಡಿಮೆ ಮಾಡಲಾಗದು. ಗೇರು ಇಳಿಸಿದರೆ ಮಿಲ್ಲು ನಿಲ್ಲುತ್ತದೆ. ನಾಳೆಗೆ ಬಿಡೋಣವೆಂದರೆ ಪಶ್ಚಿಮದ ಮೋಡ ನಮ್ಮ ತಲೆಯ ಮೇಲೆಯೇ ಬರುತ್ತಿತ್ತು. ಈ ಹುಲ್ಲು ಒಮ್ಮೆ ಕೆಸರಾದರೆ ವಾರಗಟ್ಟಲೆ ವಿಮಾನವಿಲ್ಲ, ಅಷ್ಟರಲ್ಲಿ ಸಮುದ್ರ ದಾಟಿಸುವ ವಿಮಾನದವರು ತುಂಬಿದ ಬಸುರಿಯನ್ನು ಹತ್ತಿಸಿಕೊಳ್ಳುವುದೂ ಇಲ್ಲ.

ನನ್ನ ಪೆಟ್ಟಿಗೆ ಇಳಿಯಿತು. ಸುನಂದಾಳದೂ ಇಳಿಯಿತು. ಸಾಲಲಿಲ್ಲ. ಖಾಲಿಯಿದ್ದ ಸಾದಾ ಕುರ್ಚಿಗಳನ್ನು ಗೇರಿಗೆ ಜಾಗ ಮಾಡಲೆಂದು ಸಂಜೆಯೇ ತೆಗೆದಾಗಿತ್ತು. ಅಣ್ಣಾಸಾಹೇಬ ಹೆಂಡತಿಯ ಬಳಿ ಬಂದು, ಉಡಿಯ ಅರ್ಧವನ್ನಾದರೂ ಬಿಚ್ಚಿಡು, ಆಮೇಲೆ ಕಳಿಸುತ್ತೇನೆ ಎಂದು ತಗ್ಗಿದ ದನಿಯಲ್ಲಿ ಕೇಳಿಕೊಂಡ.

ಸುನಂದಾ ಎರಡೂ ಕೈಯಲ್ಲಿ ಜೋಳಿಗೆಯನ್ನು ಹಿಡಿದುಕೊಂಡಳು.

"ಹನ್ನೊಂದ ವರ್ಷ ಮಂದಿ ಉಡಿ ತುಂಬೂದ ದೂರ ನಿಂತ ನೋಡೇನ್ರಿ. ನನ್ನ ಉಡಿ ಯಾರ ತುಂಬ್ಯಾರ, ಯಾರೂ ತುಂಬಿಲ್ಲ. ಇವತ್ತ ಇಷ್ಟ ಮಂದಿ ತುಂಬ್ಯಾರ. ಇದರಾಗಿಂದ ಯಾರದ ಬಿಚ್ಚಲಿ? ನೀವ ಹೇಳ್ರಿ."

ಕುಸುಮತಾಯಿ, "ಕಾಳಜೀ ಕರೂ ನಕಾ, ಎಲ್ಲಾ ಬರೋಬರ ಆಗತೈತಿ," ಎಂದು ಯಾರಿಗೂ ಅಲ್ಲದಂತೆ ಧೈರ್ಯ ಹೇಳಿ, ತಾವೇ ಕಣ್ಣೊರೆಸಿಕೊಂಡರು.

ನಾನು ವಿಮಾನದೊಳಗೆ ನೋಡಿದೆ. ಮುರಿದ ಗೇರಿನ ಪಕ್ಕದಲ್ಲಿ, ಬಿಳಿಯ ಹೊದಿಕೆ ಹೊದ್ದು, ಮಾಲೀಕರ ಕುರ್ಚಿ ಒಬ್ಬ ತೂಕದ ಮನುಷ್ಯನಂತೆ ಕುಳಿತಿತ್ತು. ಅದನ್ನು ಸಂಜೆ ಯಾರೂ ತೂಗಿರಲಿಲ್ಲ; ಯಾವಾಗಲೂ ಇರುವುದರಿಂದ ವಿಮಾನದ ತೂಕದಲ್ಲಿಯೇ ಅದರ ತೂಕವೂ ಸೇರಿತ್ತು. ಅದು ಎಷ್ಟು ಭಾರವಿದ್ದೀತೆಂದು ಕ್ಯಾಪ್ಟನ್ ಜುಮಾ ಅವರನ್ನು ಕೇಳಿದೆ. ಅವರು ನನ್ನನ್ನೂ ಕುರ್ಚಿಯನ್ನೂ ನೋಡಿದರು. ನಿಮ್ಮ ತಂಗಿಯ ಮಡಿಲಿಗಿಂತ ಹೆಚ್ಚು, ಎಂದರು. ಕೀಲುಗಳನ್ನು ಎಳೆದರೆ ಕ್ಷಣದಲ್ಲಿ ಹೊರಬರುತ್ತದೆ. ಆದರೆ ಆ ಕುರ್ಚಿಯ ವಿಷಯದಲ್ಲಿ ಆಜ್ಞೆ ಕೊಡುವವನು ತಾನಲ್ಲ. ಮ್ಯಾನೇಜರು ಊರಲ್ಲಿರಲಿಲ್ಲ. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ದೊಡ್ಡ ಹುದ್ದೆಯವನು ಅಣ್ಣಾಸಾಹೇಬನೇ.

"ಅಕ್ಕಾರ," ಎಂದ ಅವನು, "ಹಿಂದ ತಗದಾಂವ ಏನಾದಾ ಅಂತ ನಿಮಗ ಹೇಳೇನಿ."

"ಹೇಳಿದ್ದೀರಿ."

ಗುಡುಗು ಇನ್ನಷ್ಟು ಹತ್ತಿರವಾಯಿತು. ಅವನು ಹೆಂಡತಿಯ ಕಡೆಗೆ ತಿರುಗಿದ. "ಸುನಿ, ಬಿಚ್ಚಂಗಿಲ್ಲಲಾ?"

"ಇಲ್ರಿ."

"ಹಂಗಾದ್ರ ಕುರ್ಚಿ ಇಳೀಲಿ." ಎಂದವನೇ ಯಾರಿಗೂ ಹೇಳದೆ ತಾನೇ ಒಳಹತ್ತಿ ಕೀಲೆಳೆದ.

ನಾಲ್ವರು ಹಿಡಿದು ಅದನ್ನು ಹುಲ್ಲಿನ ಮೇಲೆ ಇಟ್ಟರು. ತಕ್ಕಡಿ ಮತ್ತೊಮ್ಮೆ ಆಡಿತು. ಕ್ಯಾಪ್ಟನ್ ಜುಮಾ ಎರಡು ಸಲ ಕೂಡಿಸಿ, ಆಸನಗಳನ್ನು ಹಿಂದುಮುಂದು ಮಾಡಿ, ನಮ್ಮ ಪೆಟ್ಟಿಗೆಗಳಲ್ಲಿ ಒಂದಕ್ಕೆ ಜಾಗವಿದೆಯೆಂದರು. ಸುನಂದಾಳದನ್ನು ಏರಿಸಿದೆವು. ನನ್ನದರಲ್ಲಿ ಸೀರೆಗಳಿದ್ದವು, ಅವು ಹಂಗಾಮು ಮುಗಿದ ಮೇಲೆ ಅಣ್ಣಾಸಾಹೇಬನೊಡನೆ ಬರಲಿ ಎಂದೆ.

ವಿಮಾನ ಒದ್ದೆ ಹುಲ್ಲಿನ ಮೇಲೆ ನನಗೆ ಬೇಕಾದುದಕ್ಕಿಂತ ಹೆಚ್ಚು ದೂರ ಓಡಿತು. ಮರಗಳು ಬಂದವು, ಬಂದವು, ಆಮೇಲೆ ಕೆಳಗಾದವು. ಸುನಂದಾ ಕಣ್ಣು ಮುಚ್ಚಿರಲಿಲ್ಲ. ತಿರುಗುವಾಗ ಪಟ್ಟಿ ಮತ್ತೊಮ್ಮೆ ಕಾಣಿಸಿತು: ಕೈ ಬೀಸುವ ಹೆಂಗಸರು, ಸೊಂಟಕ್ಕೆ ಕೈಯಿಟ್ಟು ನಿಂತ ಅಣ್ಣಾಸಾಹೇಬ, ಹಸಿರಿನ ನಡುವೆ ಕಂದು ಕುರ್ಚಿ, ಅದರಲ್ಲಿ ಬೆನ್ನು ನೆಟ್ಟಗೆ ಮಾಡಿ, ಎರಡೂ ತೋಳುಗಳ ಮೇಲೆ ಕೈಯಿಟ್ಟು ಕುಳಿತ ಮಾಮಾ ರೆಹೆಮಾ.

ಮರಳಿ ತಗಡಿನ ಚಪ್ಪರ

ನಾವು ಇಳಿದಾಗ ಮಾಲೀಕರು ಚಪ್ಪರದ ನೆರಳಿನಲ್ಲಿ ಕಾಯುತ್ತಿದ್ದರು. ತೆಳ್ಳಗಿನ ಮುದುಕರು, ಬಿಳಿ ಟೊಪ್ಪಿಗೆ, ಕೈಯಲ್ಲಿ ಕೋಲು. ಗೇರು ಇಳಿಯುವುದನ್ನು ನೋಡಿ ತಲೆಯಾಡಿಸಿದರು. ಬಾಗಿಲಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ಒಳಗೆ ಇಣುಕಿದರು. ಆ ಕಾಲನ್ನು ಹಿಂದಕ್ಕೆ ತೆಗೆದರು. ತಮ್ಮ ಕುರ್ಚಿ ಎಲ್ಲಿಯೆಂದು ಹಿಂದಿಯಲ್ಲಿ ಕೇಳಿದರು.

ಭಾರ ಹೆಚ್ಚಾಗಿತ್ತು, ಹುಲ್ಲು ಒದ್ದೆಯಾಗಿತ್ತು, ಮುಖ್ಯ ಇಂಜಿನಿಯರು ಇಳಿಸಿದರು ಎಂದು ಕ್ಯಾಪ್ಟನ್ ಜುಮಾ ವರದಿ ಒಪ್ಪಿಸಿದರು. ಯಾವ ಭಾರವೆಂದು ಮಾಲೀಕರು ಕೇಳಿದರು. ಕ್ಯಾಪ್ಟನ್ ನಮ್ಮ ಕಡೆಗೆ ನೋಡಿದರು.

ನನಗೆ ತಿಳಿದಿರುವ ಹಿಂದಿಯ ಎಲ್ಲ ವಿಭಕ್ತಿ ಪ್ರತ್ಯಯಗಳೂ ಆ ಕ್ಷಣಕ್ಕೆ ನನ್ನನ್ನು ಕೈಬಿಟ್ಟವು. ಅಣ್ಣಾಸಾಹೇಬನ ನೌಕರಿ, ಎಸ್ಟೇಟಿನ ಮನೆ, ಹುಟ್ಟಲಿರುವ ಕೂಸಿನ ತಂದೆಯ ಅನ್ನ, ಎಲ್ಲವೂ ಆ ಮುದುಕರ ಹುಬ್ಬಿನ ಮೇಲೆ ನಿಂತಿದ್ದವು. ಅವರು ಸುನಂದಾಳ ಮುಖವನ್ನೂ, ಎದೆಯಿಂದ ಮೊಣಕಾಲಿನವರೆಗೆ ಉಬ್ಬಿದ ಇಳಕಲ್ ಸೀರೆಯ ಜೋಳಿಗೆಯನ್ನೂ, ಅದರ ಬಾಯಲ್ಲಿ ಹೊರಗಿಣುಕುತ್ತಿದ್ದ ಚೀನೀಕಾಯಿಯನ್ನೂ ಬಹಳ ಹೊತ್ತು ನೋಡಿದರು.

ಮೊದಲು ಮಾತಾಡಿದವಳು ಸುನಂದಾ. ಅವಳ ಹಿಂದಿ ನನ್ನದಕ್ಕಿಂತ ಕೆಟ್ಟದು. ಆದರೆ ಅವಳಿಗೆ ಹೆದರಿಕೆಯಿರಲಿಲ್ಲ. ಅವಳು ಅವರ ಮುಂದೆ ಹೋಗಿ ನಿಂತು ನನಗೆ ಅಂದಳು: "ಅಕ್ಕಾ, ಇವರಿಗಿ ಹೇಳ. ಇವರ ಕುರ್ಚಿ ಇಳದದ್ದಕ್ಕ ನನ್ನ ಉಡಿ ಉಳೀತು. ಅಂದ್ರ ಇವರೂ ನನ್ನ ಉಡಿ ತುಂಬ್ಯಾರ."

ನಮ್ಮಲ್ಲಿ ಗಂಡಸರು ಉಡಿ ತುಂಬುವ ಪದ್ಧತಿಯಿಲ್ಲ. ನಾನು ಆಕ್ಷೇಪಿಸದೆ, ತಡವರಿಸುತ್ತ, ಇದ್ದುದನ್ನು ಇದ್ದಂತೆ ಹಿಂದಿಗೆ ತಿರುಗಿಸಿದೆ.

ತುಂಬಿಸಿಕೊಂಡವಳು ತನ್ನ ಉಡಿಯಿಂದ ಒಂದು ಹಿಡಿಯನ್ನು ತುಂಬಿದವರಿಗೆ ಹಿಂದಿರುಗಿಸುವುದುಂಟು, ಅವರ ಮನೆಯೂ ತುಂಬಿರಲಿ ಎಂದು. ಸುನಂದಾ ಗಂಟು ಬಿಚ್ಚಲಿಲ್ಲ. ಜೋಳಿಗೆಯ ಅಂಚಿನಲ್ಲಿ ಕೈಯಿಳಿಸಿ, ಉಗಾರದ ಅಕ್ಕಿಯೋ ಲೈನಿನ ಶೇಂಗವೋ ಸಿಕ್ಕಿದ್ದನ್ನು ಒಂದು ಹಿಡಿ ತೆಗೆದು ಮುಂದೆ ಹಿಡಿದಳು.

ಮಾಲೀಕರು ಕೋಲನ್ನು ಕ್ಯಾಪ್ಟನ್ ಜುಮಾ ಅವರ ಕೈಗೆ ಕೊಟ್ಟರು. ಜೇಬಿನಿಂದ ಕರವಸ್ತ್ರ ತೆಗೆದು, ನಾಲ್ಕೂ ಮಡಿಕೆ ಬಿಡಿಸಿ, ಎರಡು ಅಂಗೈಗಳ ಮೇಲೆ ಹಾಸಿ ಒಡ್ಡಿದರು. ಬಿದ್ದದ್ದನ್ನು ಬಿಗಿಯಾಗಿ ಗಂಟು ಹಾಕಿ ಎದೆಯ ಜೇಬಿನಲ್ಲಿಟ್ಟುಕೊಂಡರು. ನನ್ನ ತಾಯಿಯೂ ಹೆರಿಗೆಗೆ ಹೋಗುವಾಗ ಹೀಗೆಯೇ ಮಡಿಲು ತುಂಬಿಕೊಂಡು ಹಡಗು ಹತ್ತಿದ್ದಳೆಂದು ಕೇಳಿದ್ದೆ, ಎಂದರು.

ಮೋಡ ಪಟ್ಟಿಯನ್ನು ಬಿಟ್ಟು ಉತ್ತರಕ್ಕೆ ಸರಿಯುವುದನ್ನು ಕ್ಯಾಪ್ಟನ್ ಮೇಲಿನಿಂದಲೇ ಕಂಡಿದ್ದರಿಂದ ಮರಳುವುದಕ್ಕೆ ಅಡ್ಡಿಯಿರಲಿಲ್ಲ; ನಾವು ಕೂತು ಬಂದ ಸಾದಾ ಕುರ್ಚಿಗಳನ್ನು ಬಿಟ್ಟರೆ ಅವರು ಕೂರುವುದೆಲ್ಲಿ ಎಂಬ ಪ್ರಶ್ನೆ ಉಳಿಯಿತು. ಕ್ಯಾಪ್ಟನ್ ಜುಮಾ ಮೊದಲು ಹಾಸುತಕ್ಕಡಿಯನ್ನು ತೋರಿಸಿದರು. ಮಾಲೀಕರು ಅದರ ಮೇಲೆ ಹೋಗಿ ನಿಂತು, ಮುಳ್ಳನ್ನು ತಾವೂ ಬಾಗಿ ನೋಡಿದರು. ಆಮೇಲೆ ಕ್ಯಾಪ್ಟನ್ ಮುಂದಿನ ಬಾಗಿಲು ತೆರೆದು, ತಮ್ಮ ಪಕ್ಕದ ಸಣ್ಣ ಆಸನವನ್ನು ಕೈಯಿಂದ ಒರೆಸಿ ತೋರಿಸಿದರು. ಅಷ್ಟು ವರ್ಷ ತಮ್ಮದಾಗಿದ್ದ ಆ ವಿಮಾನದಲ್ಲಿ ಅವರು ಅಲ್ಲಿ ಒಮ್ಮೆಯೂ ಕೂತಿರಲಿಲ್ಲವಂತೆ. ಏಣಿಯ ಮೇಲೆ ಒಂದೊಂದೇ ಹೆಜ್ಜೆಯಿಟ್ಟು, ಎದೆಯ ಜೇಬನ್ನು ಒಂದು ಕೈಯಿಂದ ಮುಚ್ಚಿಕೊಂಡು ಹತ್ತಿದರು.

ಸೀಟಿಯ ಸದ್ದು ಏರಿತು, ಪಂಖ ಹೊಳಪಾಯಿತು. ಗಾಜಿನ ಹಿಂದೆ ಮುದುಕರು ಮುಂದಕ್ಕೆ ಬಾಗಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಕಿಟಕಿಯಲ್ಲಿ ಕೂತ ಮಗುವಿನಂತೆ ಎದುರಿನ ಹಾದಿಯನ್ನೇ ನೋಡುತ್ತಿದ್ದರು.